ಎಡದಿಂದ ಬಲಕ್ಕೆ, ಎಲ್ಲರ ಹೆಸರು

ಪತ್ರಿಕೆಯಲ್ಲಿ ಫೋಟೋಗ್ರಾಫರ್ ಆಗಬೇಕೆಂದಿರುವ ಹುಡುಗ ಹುಡುಗಿಯರು ನನ್ನನ್ನು ಮೊದಲು ಕೇಳುವುದು ಯಾವ ಕ್ಯಾಮೆರಾ ಕೊಳ್ಳಬೇಕು ಎಂದು. ಒಂದು ಒಳ್ಳೆಯ ನೋಟ್‌ಬುಕ್ ಕೊಳ್ಳಿ ಎಂದರೆ ಅವರ ಮುಖ ಸಪ್ಪಗಾಗುತ್ತದೆ. ನಿವೃತ್ತಳಾದ ದಿನ ಎಣಿಸಿ ನೋಡಿದಾಗ ನನ್ನ ಹತ್ತಿರ ಅರವತ್ತೊಂದು ನೋಟ್‌ಬುಕ್ ಇದ್ದವು. ಮೊದಲ ಏಳು, ನಾನು ವಿದ್ಯಾರ್ಥಿ ಪತ್ರಿಕೆಗಳಲ್ಲಿ ಕೆಲಸ ಕಲಿತ ಕಾಲದವು, 1976ರಿಂದ 1981ರವರೆಗಿನವು. ಈ ಬರಹ ಆ ಏಳರಿಂದ ತೆಗೆದದ್ದು. ಯಾವಾಗ ಬಡ್ತಿ ಬಂತು, ಯಾವ ಕೋಣೆ ಕೊಟ್ಟರು ಎಂಬುದೆಲ್ಲ ಆಮೇಲಿನ ನೋಟ್‌ಬುಕ್ಕುಗಳಲ್ಲಿದೆ. ಹೊಸಬರಿಗೆ ಅದರಿಂದ ಕಲಿಯುವಂಥದ್ದೇನೂ ಇಲ್ಲ.

ಆ ಆರು ವರ್ಷ ನನಗೆ ಬೇಕಾಗಿದ್ದದ್ದು ಒಂದೇ. ದಿನಪತ್ರಿಕೆಯೊಂದರಲ್ಲಿ ಫೋಟೋಗ್ರಾಫರ್ ಕೆಲಸ, ಫೋಟೋದ ಕೆಳಗೆ ನನ್ನ ಹೆಸರು. ನನ್ನ ಅಪ್ಪ ಡಾಕ್ಟರ್ ಸುಂದರರಾಜ್ ಮೈಸೂರಿನಲ್ಲಿ ಓದಿ, ಆಪರೇಷನ್‌ಗೆ ಮುಂಚೆ ರೋಗಿಗೆ ಅರಿವಳಿಕೆ ಕೊಡುವ ತಜ್ಞರಾಗಿ ಆಸ್ಟ್ರೇಲಿಯಾಕ್ಕೆ ಬಂದವರು. ನಾವು ಅಡಿಲೇಡಿಗೆ ಬಂದಿಳಿದಾಗ ನನಗೆ ಹದಿನೈದು. ಅಲ್ಲಿನ ಮಾಡ್ಬರಿ ಬಡಾವಣೆಯಲ್ಲಿ ಮನೆ. ಹದಿನೆಂಟಕ್ಕೆ ನಾನು ಮೆಡಿಕಲ್ ಬೇಡವೆಂದು ಬಿ.ಎ.ಗೆ ಸೇರಿದೆ. ಊಟದ ಮೇಜಿನ ಮುಂದೆ ಅಪ್ಪನಿಗೂ ನನಗೂ ನಡೆದ ಮಾತು ಮೊದಲ ನೋಟ್‌ಬುಕ್ಕಿನ ಮೊದಲ ಪುಟದಲ್ಲಿದೆ.

“ಫೋಟೋ ತೆಗೆಯೋದು ಹವ್ಯಾಸ ಕಣಮ್ಮಾ. ಉದ್ಯೋಗ ಅಲ್ಲ.”

“ಉದ್ಯೋಗ ಮಾಡ್ಕೊಂಡಿರೋರು ಇದಾರಲ್ಲಪ್ಪ.”

“ಇದಾರೆ. ಎಲ್ಲರಿಗೂ ಮೀಸೆ ಇದೆ.”

ಅಮ್ಮ ಅಡುಗೆಮನೆಯಿಂದಲೇ ನಕ್ಕರು. ಅಪ್ಪ ನಗಲಿಲ್ಲ. ಡಿಗ್ರಿ ಮುಗಿದ ಮೇಲೆ ಎರಡು ವರ್ಷ ಕೊಡುತ್ತೇನೆ, ಅಷ್ಟರೊಳಗೆ ಪತ್ರಿಕೆಯಲ್ಲಿ ಕೆಲಸ ಸಿಗದಿದ್ದರೆ ಆಸ್ಪತ್ರೆಯ ಎಕ್ಸ್-ರೇ ಕೋರ್ಸಿಗೆ ಸೇರಬೇಕು ಎಂದರು. “ಅದೂ ಫೋಟೋನೇ ತಾನೆ? ಒಳಗಡೆ ಫೋಟೋ, ಅಷ್ಟೆ.” ನಾನು ಒಪ್ಪಿದೆ. ಒಪ್ಪದೆ ಬೇರೆ ದಾರಿ ಇರಲಿಲ್ಲ.

ವಿದ್ಯಾರ್ಥಿ ಪತ್ರಿಕೆಯ ಕಚೇರಿ ವಿಶ್ವವಿದ್ಯಾಲಯದ ಕ್ಯಾಂಟೀನಿನ ಕೆಳಗಿನ ನೆಲಮಾಳಿಗೆಯಲ್ಲಿತ್ತು. ಸಂಪಾದಕ ರಾಬ್ ಕಾನೂನು ಓದುತ್ತಿದ್ದ ಮೂರನೇ ವರ್ಷದ ಹುಡುಗ. ನನ್ನ ಹೆಸರು ಕೇಳುವ ಮೊದಲೇ ಒಂದು ರೋಲ್ ಫಿಲ್ಮ್ ಕೈಗೆ ಕೊಟ್ಟು, ಫುಟ್‌ಬಾಲ್ ಪಂದ್ಯ ತೆಗೆದುಕೊಂಡು ಬಂದು ನೀನೇ ತೊಳಿ ಎಂದ. ಡಾರ್ಕ್‌ರೂಮ್ ಎಂದರೆ ಹಳೆಯ ಉಗ್ರಾಣ; ಬಾಗಿಲಿಗೆ ಕರಿ ಕಂಬಳಿ, ಒಂದು ನಲ್ಲಿ, ಒಂದು ಕೆಂಪು ಬಲ್ಬು. ಫಿಲ್ಮನ್ನು ಡೆವಲಪರ್ ಎಂಬ ದ್ರಾವಣದಲ್ಲಿ ಇಷ್ಟೇ ನಿಮಿಷ ಅದ್ದಬೇಕು, ದ್ರಾವಣ ಇಪ್ಪತ್ತು ಡಿಗ್ರಿಯಲ್ಲಿರಬೇಕು ಎಂದು ಗೋಡೆಯ ಮೇಲೆ ಬರೆದಿತ್ತು. ಮಾರ್ಚ್ ತಿಂಗಳ ಅಡಿಲೇಡಿನಲ್ಲಿ ನಲ್ಲಿಯ ನೀರೇ ಬಿಸಿಯಾಗಿರುತ್ತದೆ. ನಾನು ಬೆರಳದ್ದಿ ನೋಡಿದೆ, ಪರವಾಗಿಲ್ಲ ಅನ್ನಿಸಿತು. ಮೂವತ್ತಾರು ನೆಗೆಟಿವ್‌ಗಳೂ ಕಾಡಿಗೆ ಹಚ್ಚಿದ ಹಾಗೆ ಕಪ್ಪಾಗಿ ಬಂದವು.

“ಥರ್ಮಾಮೀಟರ್ ಇಲ್ವಾ ಅಲ್ಲಿ?” ಎಂದ ರಾಬ್.

“ಇದೆ.”

“ಮತ್ತೆ?”

“ನಮ್ಮಮ್ಮ ಬೆರಳಲ್ಲೇ ನೋಡೋದು.”

“ನಿಮ್ಮಮ್ಮ ಫಿಲ್ಮ್ ತೊಳೀತಾರಾ?”

“ಇಲ್ಲ. ಹಾಲಿಗೆ ಹೆಪ್ಪು ಹಾಕ್ತಾರೆ. ಮೊಸರಿಗೆ.”

ರಾಬ್ ಆ ಮಾತನ್ನು ಎರಡು ವರ್ಷ ಸಿಕ್ಕವರಿಗೆಲ್ಲ ಹೇಳಿದ. ಅಂದು ಸಂಜೆ ಅಪ್ಪನಿಗೆ ಈ ಸಂಗತಿ ಹೇಳಿದಾಗ ಅವರು ಬೈಯಲಿಲ್ಲ. ಮರುದಿನ ಆಸ್ಪತ್ರೆಯಿಂದ ಒಂದು ಖಾಲಿ ಚಾರ್ಟ್ ತಂದು ತೋರಿಸಿದರು. ಆಪರೇಷನ್ ನಡೆಯುವಷ್ಟು ಹೊತ್ತೂ ಐದು ನಿಮಿಷಕ್ಕೊಮ್ಮೆ ನಾಡಿ, ರಕ್ತದೊತ್ತಡ, ಕೊಟ್ಟ ಔಷಧಿ, ಎಲ್ಲವನ್ನೂ ಅದರಲ್ಲಿ ಗುರುತು ಹಾಕುತ್ತಾರೆ. “ಬರೀದೇ ಇದ್ದದ್ದು ನಡೆದೇ ಇಲ್ಲ ಅಂತ ಲೆಕ್ಕ” ಎಂದರು. ಅಂದಿನಿಂದ ನನ್ನ ನೋಟ್‌ಬುಕ್ಕಿಗೆ ಅದೇ ಗೆರೆಗಳು ಬಂದವು. ರೋಲ್ ಸಂಖ್ಯೆ, ಫ್ರೇಮ್ ಸಂಖ್ಯೆ, ಗಂಟೆ, ಜಾಗ, ಬೆಳಕು, ದ್ರಾವಣದ ಬಿಸಿ. ನನ್ನನ್ನು ಈ ಕೆಲಸದಿಂದ ಬಿಡಿಸಬೇಕೆಂದಿದ್ದವರೇ ನನಗೆ ಈ ಕೆಲಸದ ಬೆನ್ನೆಲುಬನ್ನು ಕೊಟ್ಟರು. ಆಮೇಲೆ ಬಿಸಿಯ ಕಾರಣದಿಂದ ನಾನು ಹಾಳುಮಾಡಿದ ರೋಲ್‌ಗಳು, ಮೂವತ್ತೆರಡು ವರ್ಷದಲ್ಲಿ, ಎರಡು.

ಇನ್ನು ನನ್ನ ಹೆಸರಿಗೇ ಅಂಟಿಕೊಂಡ ಇನ್ನೊಂದು ತಪ್ಪು. ಗ್ರಂಥಾಲಯ ಸಂಜೆ ಆರಕ್ಕೇ ಮುಚ್ಚುತ್ತದೆ ಎಂದು ಆಡಳಿತದವರು ನೋಟಿಸ್ ಹಾಕಿದ್ದರು. ಹಗಲು ಕೆಲಸ ಮಾಡಿ ಓದುವ ವಿದ್ಯಾರ್ಥಿಗಳು ಸಿಟ್ಟಿಗೆದ್ದು ಆಡಳಿತ ಕಚೇರಿಯ ಮುಂದಿನ ಪಡಸಾಲೆಯಲ್ಲಿ ಧರಣಿ ಕೂತರು. ರಾಬ್ ನನ್ನನ್ನು ಓಡಿಸಿದ. “ಗಲಾಟೆ ಬೇಕು ನಂಗೆ. ಕೂಗ್ತಿರೋ ಬಾಯಿ ಬೇಕು. ಮಧ್ಯಾಹ್ನ ಮೂರು ಗಂಟೆಗೆ ಪುಟ ಅಂಟಿಸ್ತೀವಿ, ಅಷ್ಟೊತ್ತಿಗೆ ಪ್ರಿಂಟ್ ಇಲ್ಲಿರ್ಬೇಕು.”

ಹೋಗಿ ನೋಡಿದರೆ ಅರ್ಧ ಜನ ನೆಲದ ಮೇಲೆ ಬೆನ್ನು ಹಾಕಿ ಕೂತಿದ್ದಾರೆ, ಇನ್ನರ್ಧ ಕೈಯೆತ್ತಿ ಕೂಗುತ್ತಿದ್ದಾರೆ, ಒಬ್ಬರ ತೋಳು ಇನ್ನೊಬ್ಬರ ಮುಖಕ್ಕೆ ಅಡ್ಡ. ನನಗೆ ಫೋಟೋ ತೆಗೆಯುವುದನ್ನು ಕಲಿಸಿದವರು ಬ್ಲೇರ್ ಅಥಾಲ್ ಬಡಾವಣೆಯ ಮುಮ್ತಾಜ್ ಆಂಟಿ, ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ ಹಫೀಜ್ ಅಂಕಲ್‌ರ ಹೆಂಡತಿ. ಕರ್ನಾಟಕದಿಂದ ಬಂದ ಡಾಕ್ಟರ ಮನೆಗಳವರೆಲ್ಲ ತಿಂಗಳಿಗೊಮ್ಮೆ ಅವರ ಹಿತ್ತಲಲ್ಲಿ ಸೇರುತ್ತಿದ್ದೆವು. ಊಟಕ್ಕೆ ಮೊದಲು ಗ್ರೂಪ್ ಫೋಟೋ. ಅದರಲ್ಲಿ ಆಂಟಿಯದು ಮಿಲಿಟರಿ ಶಿಸ್ತು. “ಒಂದು ಮುಖ ಮರೆಯಾದ್ರೂ ಆ ಫೋಟೋ ಊರಿಗೆ ಕಳ್ಸೋ ಹಾಗಿಲ್ಲ ಮಗಳೇ. ಅಲ್ಲಿ ಅವರಮ್ಮ ಭೂತಗನ್ನಡಿ ಹಿಡ್ಕೊಂಡು ಹುಡುಕ್ತಾರೆ, ಸಿಗ್ಲಿಲ್ಲ ಅಂದ್ರೆ ಇವರಿಗೇನೋ ಆಗಿದೆ ಅಂತ ಟ್ರಂಕ್ ಕಾಲ್ ಮಾಡ್ತಾರೆ.” ಹಿಂಬದಿಯಲ್ಲಿ ಎಡದಿಂದ ಬಲಕ್ಕೆ ಎಲ್ಲರ ಹೆಸರು ಬರೆಯುವುದು ನನ್ನ ಕೆಲಸವಾಗಿತ್ತು.

ಆದ್ದರಿಂದ ಪಡಸಾಲೆಯಲ್ಲಿ ನಾನು ನನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದೆ. ಒಂದು ಕುರ್ಚಿಯ ಮೇಲೆ ಹತ್ತಿ ನಿಂತು, “ದಯವಿಟ್ಟು ಎಲ್ಲರೂ ಸ್ವಲ್ಪ ಎದ್ದು ನಿಲ್ತೀರಾ? ಎತ್ತರ ಇರೋರು ಹಿಂದೆ. ಮುಂದಿನ ಸಾಲು ಕೂತ್ಕೊಳ್ಳಿ” ಎಂದೆ.

ಗದ್ದಲ ನಿಂತುಹೋಯಿತು. ಮೆಗಾಫೋನ್ ಹಿಡಿದಿದ್ದ ಧಡೂತಿ ಹುಡುಗ ಅದರಲ್ಲೇ ಕೇಳಿದ: “ನಾನು ಹಿಂದೇನಾ?”

“ಹೌದು. ಮೆಗಾಫೋನ್ ಕೆಳಗಿಡಿ, ಪಕ್ಕದವರ ಮುಖ ಮುಚ್ಚತ್ತೆ.”

ಇಟ್ಟ. ಒಬ್ಬೊಬ್ಬರಾಗಿ ಸಾಲು ಕಟ್ಟಿದರು. ಯಾಕೆ ಕಟ್ಟಿದರೋ ನನಗೆ ಇಂದಿಗೂ ತಿಳಿಯದು. ಮುಮ್ತಾಜ್ ಆಂಟಿಯ ದನಿ ನನ್ನ ಗಂಟಲಿಗೆ ಬಂದಿತ್ತೋ ಏನೋ. ಹೆಸರು ಹಾಕುವುದು ಬೇಡ ಎಂದ ಮೂವರಿಗೆ ಪಕ್ಕಕ್ಕೆ ನಿಲ್ಲಲು ಹೇಳಿದೆ. ಉಳಿದವರು ಇಪ್ಪತ್ಮೂರು. ಹೆಸರು, ಓದುವ ವಿಷಯ, ಎಷ್ಟನೇ ವರ್ಷ, ಎಲ್ಲ ಬರೆದುಕೊಂಡೆ. ತೆಗೆದದ್ದು ಎರಡು ಫ್ರೇಮ್.

ಎರಡೂಮುಕ್ಕಾಲಿಗೆ ಒದ್ದೆ ಪ್ರಿಂಟ್ ನೋಡಿ ರಾಬ್ ಕೂತುಬಿಟ್ಟ. “ಇದೇನಿದು? ಯಾರ ಮದುವೆ?”

“ಧರಣಿ.”

“ಕೂಗ್ತಿರೋ ಬಾಯಿ ಎಲ್ಲಿ?”

“ಫೋಟೋ ಅಂದ್ಮೇಲೆ ಮುಚ್ಕೊಂಡ್ರು.”

ಬೇರೆ ಫೋಟೋ ಇರಲಿಲ್ಲ, ಹೊತ್ತೂ ಇರಲಿಲ್ಲ. ಹಲ್ಲು ಕಚ್ಚಿಕೊಂಡು ಅದನ್ನೇ ಮೊದಲ ಪುಟಕ್ಕೆ ಅಂಟಿಸಿದ, ಕೆಳಗೆ ಇಪ್ಪತ್ಮೂರು ಹೆಸರು. ಕಾಲೇಜಿನ ತುಂಬ ನಗು. ಒಂದು ವಾರದ ಮೇಲೆ ಆಡಳಿತದವರು ಪತ್ರ ಬರೆದರು: ಧರಣಿ ಕೂತವರು ಹೊರಗಿನವರು, ನಮ್ಮ ವಿದ್ಯಾರ್ಥಿಗಳಲ್ಲ. ರಾಬ್ ಆ ಪತ್ರವನ್ನು ನನ್ನ ಮುಂದೆ ಹಿಡಿದು ಎರಡು ಸಲ ಓದಿದ. ಆಮೇಲೆ ನಮ್ಮ ಸಂಚಿಕೆಯ ಒಂದು ಪ್ರತಿಯನ್ನು ಕವರಿಗೆ ಹಾಕಿ ವಾಪಸು ಕಳಿಸಿದ. ಜೊತೆಗೆ ಒಂದು ಮಾತೂ ಬರೆಯಲಿಲ್ಲ. ಇಪ್ಪತ್ಮೂರು ಮುಖ, ಇಪ್ಪತ್ಮೂರು ಹೆಸರು, ಇಪ್ಪತ್ಮೂರು ವಿಷಯ. ಒಂಬತ್ತನೆಯ ದಿನ ಗ್ರಂಥಾಲಯದ ಬಾಗಿಲಿನ ಹೊಸ ನೋಟಿಸ್ ರಾತ್ರಿ ಹತ್ತು ಗಂಟೆ ಎಂದಿತು. ಅಂದು ರಾಬ್ ಡಾರ್ಕ್‌ರೂಮಿನ ಬೀಗದ ಕೈ ತಂದು ನನ್ನ ಮುಂದಿಟ್ಟ. “ಇನ್ಮೇಲೆ ಇದು ನಿನ್ನದು. ಥರ್ಮಾಮೀಟರ್ ಮಾತ್ರ ಮರೀಬೇಡ, ಮೊಸರಮ್ಮ.”

ಆಗಿನ ಕೆಲಸದ ರೀತಿ ಈಗಿನವರಿಗೆ ಹೇಳಬೇಕು. ಪುಟವನ್ನು ಕೈಯಲ್ಲೇ ಕಟ್ಟುತ್ತಿದ್ದೆವು. ಅಚ್ಚಾದ ಅಕ್ಷರಗಳ ಪಟ್ಟಿಗಳಿಗೆ ಹಿಂದೆ ಬಿಸಿ ಮೇಣ ಸವರಿ, ದೊಡ್ಡ ಹಾಳೆಯ ಮೇಲೆ ಅಂಟಿಸಿ, ಓರೆಯಾದರೆ ಬ್ಲೇಡಿನಿಂದ ಎಬ್ಬಿಸಿ ಮತ್ತೆ ಅಂಟಿಸುವುದು. ಶೀರ್ಷಿಕೆಗೆ ಅಂಗಡಿಯಲ್ಲಿ ಸಿಗುವ ಅಕ್ಷರದ ಹಾಳೆಯಿಂದ ಒಂದೊಂದೇ ಅಕ್ಷರ ಉಜ್ಜಿ ಇಳಿಸುವುದು. ಒಂದು ರೋಲಿನಲ್ಲಿ ಮೂವತ್ತಾರು ಫೋಟೋ, ವಾರಕ್ಕೆ ಎರಡೇ ರೋಲ್. ಅದಕ್ಕೇ ಒತ್ತುವ ಮೊದಲು ಯೋಚಿಸುತ್ತಿದ್ದೆವು. ನನ್ನ ಕೊನೆಯ ವರ್ಷಗಳಲ್ಲಿ ಹೊಸ ಹುಡುಗರು ಒಂದು ಮಧ್ಯಾಹ್ನಕ್ಕೆ ಎಂಟುನೂರು ಫೋಟೋ ತರುತ್ತಿದ್ದರು. ಅದರಲ್ಲಿ ತಪ್ಪಿಲ್ಲ, ಹೊಸ ಕ್ಯಾಮೆರಾ ನನಗೂ ಇಷ್ಟವೇ, ಕೈಗೆ ರಾಸಾಯನಿಕದ ವಾಸನೆ ಹತ್ತುವುದಿಲ್ಲ. ಆದರೆ ಎಡಗಡೆಯಿಂದ ಮೂರನೆಯವರು ಯಾರು ಎಂದು ಕೇಳಿದರೆ ಮುಖ ಮುಖ ನೋಡುತ್ತಿದ್ದರು.

1978ರ ಆರಂಭದಲ್ಲಿ ಅಪ್ಪನಿಗೆ ಪರ್ತ್‌ನ ಆಸ್ಪತ್ರೆಯೊಂದರಲ್ಲಿ ಕೆಲಸವಾಯಿತು. ಮನೆ ಖಾಲಿ ಮಾಡಿದೆವು, ಡಾರ್ಕ್‌ರೂಮಿನ ಬೀಗದ ಕೈ ವಾಪಸು ಕೊಟ್ಟೆ. ಪರ್ತ್‌ನ ವಿದ್ಯಾರ್ಥಿ ಪತ್ರಿಕೆಯಲ್ಲಿ ನಾನು ಮತ್ತೆ ಸೊನ್ನೆ. ಕ್ಯಾಮೆರಾ ಮುಟ್ಟುವ ಮೊದಲು ಐದು ತಿಂಗಳು ಪುಟ ಅಂಟಿಸಿದೆ. ಆಮೇಲೆ ಬಂದ ಮೊದಲ ದೊಡ್ಡ ಕೆಲಸ, ಸಿಬ್ಬಂದಿಗೂ ವಿದ್ಯಾರ್ಥಿಗಳಿಗೂ ನಡೆದ ಹಗ್ಗ ಜಗ್ಗಾಟ. ಗೆದ್ದ ಸಿಬ್ಬಂದಿಯ ಕಡೆ ಹತ್ತೊಂಬತ್ತು ಜನ, ಡೀನ್‌ರಿಂದ ಹಿಡಿದು ತೋಟದ ಕೆಲಸದ ವಿಕ್‌ವರೆಗೆ. ಹಗ್ಗ ಹಿಡಿದೇ ಒಂದೇ ಸಾಲಿನಲ್ಲಿ ನಿಲ್ಲಿಸಿದೆ. ಎಲ್ಲರೂ ಏದುಸಿರು ಬಿಡುತ್ತಿದ್ದರು, ಹೆಸರು ಕೇಳಿದರೆ ಕೇಳಿಸುತ್ತಿರಲಿಲ್ಲ. ನೋಟ್‌ಬುಕ್ಕನ್ನು ಸಾಲಿನ ತುದಿಯಲ್ಲಿದ್ದವರಿಗೆ ಕೊಟ್ಟು, ಬರೆದು ಪಕ್ಕದವರಿಗೆ ದಾಟಿಸಿ ಎಂದೆ. ಅವರು ದಾಟಿಸಿದರು. ನಾನು ಆ ಪಟ್ಟಿಯನ್ನು ಎಡದಿಂದ ಬಲಕ್ಕೆ ಎಂದು ಹಾಗೆಯೇ ಅಚ್ಚಿಗೆ ಕೊಟ್ಟೆ.

ನೋಟ್‌ಬುಕ್ ಕೊಟ್ಟದ್ದು ಬಲತುದಿಯವರಿಗೆ. ಪತ್ರಿಕೆ ಹಂಚಿಯಾದ ಮೇಲೆ ಗೊತ್ತಾಯಿತು. ಡೀನ್‌ರ ಕೆಳಗೆ ವಿಕ್‌ನ ಹೆಸರು, ವಿಕ್‌ನ ಕೆಳಗೆ ಡೀನ್‌ರದು, ಹೀಗೆ ಇಡೀ ಸಾಲು ತಿರುಗುಮುರುಗು. ಹತ್ತೊಂಬತ್ತರಲ್ಲಿ ಸರಿಯಾಗಿದ್ದದ್ದು ನಟ್ಟನಡುವಿನ ಹತ್ತನೆಯವರ ಹೆಸರೊಂದೇ.

ತಿದ್ದುಪಡಿ ಹಾಕಿದರೆ ಸಾಕು ಎಂದರು ಕಚೇರಿಯಲ್ಲಿ. ನನಗೆ ಸಾಕೆನಿಸಲಿಲ್ಲ. ಹದಿನೆಂಟು ಜನರನ್ನೂ ಹುಡುಕಿಕೊಂಡು ಹೋಗಿ ಕ್ಷಮೆ ಕೇಳಿದೆ. ನಾಲ್ಕು ದಿನ ಹಿಡಿಯಿತು. ಒಬ್ಬರು ಬಾಗಿಲು ತೆರೆಯಲಿಲ್ಲ, ಇಬ್ಬರು ಫೋಟೋ ನೋಡಿಯೇ ಇರಲಿಲ್ಲ. ಡೀನ್‌ರ ಕೋಣೆಗೂ ಹೋದೆ. ಅವರು ಕನ್ನಡಕದ ಮೇಲಿಂದ ನೋಡಿ, “ಸೋಮವಾರದಿಂದ ಹುಲ್ಲು ಕತ್ತರಿಸೋಕೆ ಎಷ್ಟು ಗಂಟೆಗೆ ಬರ್ಬೇಕು ನಾನು?” ಎಂದರು. ವಿಕ್ ಗುಲಾಬಿ ಪಾತಿಯಲ್ಲಿದ್ದ.

“ಸಾರಿ ಯಾಕಮ್ಮ? ನನ್ನ ಹೆಂಡ್ತಿ ಅದಕ್ಕೆ ಫ್ರೇಮ್ ಹಾಕಿಸಿದಾಳೆ. ಮೂವತ್ತು ವರ್ಷದಿಂದ ನಾನು ದೊಡ್ಡ ಮನುಷ್ಯ ಆಗ್ಲಿ ಅಂತ ಕಾಯ್ತಿದ್ಲು.”

ಅವತ್ತಿನಿಂದ ಒಂದು ನಿಯಮ ಮಾಡಿಕೊಂಡೆ. ಹೆಸರು ಬರೆದಾದ ಮೇಲೆ, ಜನ ಚದುರುವ ಮೊದಲು, ಎಡಗಡೆಯಿಂದ ಶುರುಮಾಡಿ ಗಟ್ಟಿಯಾಗಿ ಓದುವುದು. ಹೆಸರು ಬಂದವರು ಕೈ ಎತ್ತುವುದು. ಶಾಲೆಯ ಹಾಜರಿ ಇದ್ದ ಹಾಗೆ. ಜೊತೆಯವರು ನಗುತ್ತಿದ್ದರು. ಕೆಲಸದಲ್ಲಿ ಇದ್ದಷ್ಟು ಕಾಲವೂ ನಕ್ಕರು, ನಾನು ಅಷ್ಟು ಕಾಲವೂ ಓದಿದೆ.

1979ರ ಡಿಸೆಂಬರಿನಲ್ಲಿ ಡಿಗ್ರಿ ಮುಗಿಯಿತು. ಅಪ್ಪ ಕೊಟ್ಟ ಗಡುವು ಹಾಗಾಗಿ 1981ರ ಡಿಸೆಂಬರ್ ಕೊನೆಯ ದಿನ. ಅಷ್ಟರಲ್ಲಿ ಅವರಿಗೆ ಮತ್ತೆ ವರ್ಗ, ಈ ಸಲ ಬ್ರಿಸ್ಬೇನ್. ನಾನು ಅಲ್ಲೊಂದು ಡಿಪ್ಲೊಮಾಕ್ಕೆ ಹೆಸರು ಹಚ್ಚಿದೆ. ನಿಜ ಹೇಳಬೇಕೆಂದರೆ ಡಿಪ್ಲೊಮಾ ನನಗೆ ಬೇಕಾಗಿರಲಿಲ್ಲ. ವಿದ್ಯಾರ್ಥಿಯಾಗಿದ್ದರೆ ಮಾತ್ರ ವಿದ್ಯಾರ್ಥಿ ಪತ್ರಿಕೆಯ ಡಾರ್ಕ್‌ರೂಮ್ ಸಿಗುತ್ತಿತ್ತು. ದಿನಪತ್ರಿಕೆಗಳಿಗೆ ಅರ್ಜಿ ಹಾಕಿದೆ. ಹದಿನೇಳು ಅರ್ಜಿ, ಉತ್ತರ ಬಾರದವು ಹದಿನಾಲ್ಕು, ಇಲ್ಲವೆಂದವು ಎರಡು, ಬಂದು ನೋಡು ಎಂದದ್ದು ಒಂದು.

ಆ ಒಂದು ಪತ್ರಿಕೆಯ ಫೋಟೋ ವಿಭಾಗದ ಮುಖ್ಯಸ್ಥ ಕೆವ್. ಐವತ್ತು ದಾಟಿದ ಮನುಷ್ಯ, ಬೆರಳೆಲ್ಲ ಸಿಗರೇಟಿನ ಕಂದು. ನಾನು ಕೂರುವ ಮೊದಲೇ, “ಆ ಬ್ಯಾಗ್ ಎತ್ತು ನೋಡೋಣ” ಎಂದ. ಎರಡು ಕ್ಯಾಮೆರಾ, ಮೂರು ಲೆನ್ಸ್, ಫ್ಲ್ಯಾಶ್, ಬ್ಯಾಟರಿ ತುಂಬಿದ ಚರ್ಮದ ಚೀಲ. ಎತ್ತಿ ಹೆಗಲಿಗೆ ಹಾಕಿಕೊಂಡೆ. ಅವನು ನನ್ನ ಫೋಟೋಗಳನ್ನು ಒಂದೊಂದಾಗಿ ತಿರುವಿದ.

“ಎಲ್ಲರೂ ಸಾಲಾಗಿ ನಿಂತಿದಾರೆ. ಇದೇನು, ಶಾಲೆ ವಾರ್ಷಿಕೋತ್ಸವನಾ?”

“ಎಲ್ಲರ ಮುಖ ಕಾಣ್ಬೇಕು ಅಂತ.”

“ಯಾರಿಗೆ ಕಾಣ್ಬೇಕು?”

“ಅವರ ಮನೆಯವರಿಗೆ.”

ಕೆವ್ ಗೊರಕೆಯಂಥ ಸದ್ದು ಮಾಡಿದ. ಇಪ್ಪತ್ತು ನಿಮಿಷ ಮಾತಾಡಿದ. ಕೊನೆಗೆ, “ನೋಡು, ನೀನು ಒಳ್ಳೆಯವಳೇ. ಆದ್ರೆ ಇಷ್ಟು ಭಾರ ಹುಡುಗಿಯರ ಕೈಲಿ ಹೊರೋಕಾಗಲ್ಲ” ಎಂದ. ಬ್ಯಾಗ್ ಇನ್ನೂ ನನ್ನ ಹೆಗಲ ಮೇಲೆಯೇ ಇತ್ತು. ನಾನು ಅದನ್ನು ಕೆಳಗಿಟ್ಟಾಗ ಅವನಿಗೆ ಅದು ಹೊಳೆಯಿತು, ಮುಖ ಸ್ವಲ್ಪ ಕೆಂಪಾಯಿತು. “ಸರಿ ಸರಿ. ನನ್ನ ಹುಡುಗರ ಹತ್ರ ಇಲ್ಲದ್ದು ಒಂದು ಫೋಟೋ ತಗೊಂಡ್ ಬಾ. ಆಮೇಲೆ ನೋಡೋಣ.” ಇದು 1981ರ ಜುಲೈನಲ್ಲಿ. ಅಲ್ಲಿಂದ ನವೆಂಬರ್‌ವರೆಗೆ ಹನ್ನೊಂದು ಫೋಟೋ ಒಯ್ದು ತೋರಿಸಿದೆ. ಹನ್ನೊಂದಕ್ಕೂ “ಇದು ನಮ್ಮ ಹತ್ರ ಇದೆ” ಎಂದ.

ನವೆಂಬರ್ ಮೂರನೆಯ ಶನಿವಾರ ಬೆಳಿಗ್ಗೆ ಆರಕ್ಕೆ, ಪರೀಕ್ಷೆ ಮುಗಿಸಿದ ವಿದ್ಯಾರ್ಥಿಗಳ ಗುಂಪೊಂದು ಬಸ್ಸಿನಲ್ಲಿ ಬೆಟ್ಟಕ್ಕೆ ಹೊರಟಿತ್ತು. ಚಾರಣ ಸಂಘದವರದು. ವಿದ್ಯಾರ್ಥಿ ಪತ್ರಿಕೆಗೆ ಒಂದು ಫೋಟೋ ಬೇಕಿತ್ತು. ಪ್ರಯಾಣ ಹೊರಡುವ ಮೊದಲು ಬಸ್ಸಿನ ಮುಂದೆ ಗ್ರೂಪ್ ಫೋಟೋ ಆಗದಿದ್ದರೆ ನಮ್ಮವರಿಗೆ ಪ್ರಯಾಣ ಶುರುವಾದ ಹಾಗೇ ಅಲ್ಲ. ನಾನೂ ಎಲ್ಲರನ್ನೂ ಇಳಿಸಿ ನಿಲ್ಲಿಸಿದೆ. ಮೂವತ್ತೊಂದು ಜನ. ಡ್ರೈವರ್ ದೂರ ನಿಂತು ನೋಡುತ್ತಿದ್ದರು.

“ನೀವೂ ಬನ್ನಿ.”

“ನಾನ್ಯಾಕೆ? ನಾನು ಡ್ರೈವರ್.”

“ಬಸ್ಸು ತಾನಾಗೇ ಹೋಗತ್ತಾ?”

ಬಂದು ಎರಡನೇ ಸಾಲಿನ ತುದಿಯಲ್ಲಿ ನಿಂತರು. ಹಾಜರಿ ಓದಿದೆ, ಮೂವತ್ತೆರಡು ಕೈ ಎದ್ದವು. ಫ್ರೇಮ್ ನಾಲ್ಕು, ಐದು, ಆರು. ಆರೂ ಇಪ್ಪತ್ತಕ್ಕೆ ಬಸ್ಸು ಹೊರಟಿತು.

ಆ ಸಂಜೆ ಹಿಡಿದ ಮಳೆ ಭಾನುವಾರ ಪೂರ್ತಿ ಸುರಿಯಿತು. ಬೆಟ್ಟದ ರಸ್ತೆಯ ಹಳ್ಳಗಳು ಉಕ್ಕಿದವು, ಟೆಲಿಫೋನ್ ತಂತಿ ಬಿದ್ದವು. ಭಾನುವಾರ ಸಂಜೆ ಬರಬೇಕಿದ್ದ ಬಸ್ಸು ಸೋಮವಾರ ಬೆಳಿಗ್ಗೆಯಾದರೂ ಬರಲಿಲ್ಲ. ರೇಡಿಯೋದಲ್ಲಿ ಒಂದು ಬಸ್ಸು ಕೊಚ್ಚಿಹೋಗಿದೆ ಎಂಬ ಸುದ್ದಿ, ಅರ್ಧ ಗಂಟೆಯ ಮೇಲೆ ಅದು ಖಚಿತವಲ್ಲ ಎಂಬ ಸುದ್ದಿ. ಎಂಟೂವರೆಗೆ ಚಾರಣ ಸಂಘದ ಕಾರ್ಯದರ್ಶಿ ಟ್ರೇಸಿ ನಮ್ಮ ಕಚೇರಿಗೆ ಓಡಿಬಂದಳು. ಕೈಯಲ್ಲಿ ಇಪ್ಪತ್ತೊಂಬತ್ತು ಹೆಸರಿನ ಪಟ್ಟಿ.

“ಪೊಲೀಸರು ಯಾರ್ಯಾರು ಹೋಗಿದಾರೆ ಅಂತ ಕೇಳ್ತಿದಾರೆ. ನಂಗೆ ಗೊತ್ತಿಲ್ಲ ಸುಕನ್ಯಾ. ಕೊನೇ ಘಳಿಗೇಲಿ ಯಾರೋ ಬಿಟ್ರಂತೆ, ಯಾರೋ ಸೇರಿಕೊಂಡ್ರಂತೆ. ಸರಿಯಾದ ಪಟ್ಟಿ ಬಸ್ಸಲ್ಲೇ ಹೋಯ್ತು.”

ಏಳನೇ ನೋಟ್‌ಬುಕ್ ತೆರೆದು ಇಬ್ಬರೂ ಒಂದೊಂದೇ ಹೆಸರು ಹೊಂದಿಸಿದೆವು. ಪಟ್ಟಿಯಲ್ಲಿದ್ದ ಇಬ್ಬರು ನೋಟ್‌ಬುಕ್ಕಿನಲ್ಲಿಲ್ಲ. ಪಟ್ಟಿಯಲ್ಲಿಲ್ಲದ ನಾಲ್ವರು ನೋಟ್‌ಬುಕ್ಕಿನಲ್ಲಿದ್ದಾರೆ. ಅದರ ಮೇಲೆ ಡ್ರೈವರ್. ಆ ಇಬ್ಬರಲ್ಲಿ ಒಬ್ಬನ ಮನೆಗೆ ಟ್ರೇಸಿ ಫೋನ್ ಮಾಡಿದಳು; ಅವನು ಹಾಸಿಗೆಯಲ್ಲಿ ಗೊರಕೆ ಹೊಡೆಯುತ್ತಿದ್ದ. ನಾನು ಪೊಲೀಸರಿಗೆ ಫೋನ್ ಮಾಡಿ ಮೂವತ್ತೆರಡು ಹೆಸರನ್ನೂ ಓದಿ ಹೇಳಿದೆ. ಹನ್ನೊಂದು ನಿಮಿಷ. ಆ ನಾಲ್ವರ ಮನೆಯವರಿಗೆ ತಮ್ಮ ಮಕ್ಕಳು ಆ ಬಸ್ಸಿನಲ್ಲಿದ್ದಾರೆ ಎಂಬುದೇ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಆಮೇಲೆ ಫಿಲ್ಮ್ ತೊಳೆದೆ, ಪ್ರಿಂಟ್ ಮಾಡಿದೆ, ಕೆವ್‌ಗೆ ಫೋನ್ ಮಾಡಿದೆ. “ತಗೊಂಡ್ ಬಾ. ನೆಗೆಟಿವ್ ಸಮೇತ. ಈಗಲೇ” ಎಂದ. ಹೋಗುವ ಮೊದಲು ನೋಟ್‌ಬುಕ್ಕಿನಲ್ಲಿ ಬರೆದೆ: ಗಡುವಿಗೆ ಮೂವತ್ತೆಂಟು ದಿನ.

ಕೆವ್ ಪ್ರಿಂಟನ್ನು ಮೇಜಿನ ಮೇಲೆ ಹರಡಿ, ಮೇಣದ ಪೆನ್ಸಿಲ್ ತೆಗೆದು, ಮುಂದಿನ ಸಾಲಿನಲ್ಲಿ ನಗುತ್ತಿದ್ದ ಮೂರು ಹುಡುಗಿಯರ ಸುತ್ತ ಕೆಂಪು ಚೌಕ ಎಳೆದ. “ಇದು. ಇಷ್ಟು ಸಾಕು. ಮೂರು ಕಾಲಂ.”

“ಉಳಿದವರು?”

“ಜಾಗ ಇಲ್ಲ.”

“ಎಲ್ಲರ ಮುಖ, ಎಲ್ಲರ ಹೆಸರು. ಇಲ್ಲಾಂದ್ರೆ ನೆಗೆಟಿವ್ ಕೊಡಲ್ಲ.”

ಕೋಣೆಯಲ್ಲಿದ್ದ ಬೇರೆ ಫೋಟೋಗ್ರಾಫರುಗಳು ತಲೆಯೆತ್ತಿದರು. ಎಲ್ಲರಿಗೂ ಮೀಸೆ ಇತ್ತು.

“ಹೆಸರು ಪೊಲೀಸರಿಗೆ ಕೊಟ್ಟೆಯಂತೆ. ಅಂದ್ಮೇಲೆ ಎಲ್ಲಾ ಪೇಪರಿಗೂ ಹೋಗಿದೆ.”

“ಹೆಸರು ಹೋಗಿದೆ. ಮುಖ ಹೋಗಿಲ್ಲ.”

“ಕೆಲಸ ಬೇಕಾ ಬೇಡ್ವಾ ನಿಂಗೆ?”

ಬೇಕಿತ್ತು. ಆರು ವರ್ಷದಿಂದ ಬೇಕಿತ್ತು. ಮೂರು ಹುಡುಗಿಯರ ಫೋಟೋ ಕೊಟ್ಟು ಕೆಲಸ ತೆಗೆದುಕೊಂಡಿದ್ದರೆ ಯಾರೂ ನನ್ನನ್ನು ಬೈಯುತ್ತಿರಲಿಲ್ಲ. ಆದರೆ ಉಳಿದ ಇಪ್ಪತ್ತೊಂಬತ್ತು ಮನೆಗಳಲ್ಲಿ ನಾಳೆ ಬೆಳಿಗ್ಗೆ ಯಾರೋ ಆ ಪುಟದ ಮೇಲೆ ಬಗ್ಗಿ ಹುಡುಕುತ್ತಾರೆ ಎಂಬುದು ನನಗೆ ಗೊತ್ತಿತ್ತು. ನೆಗೆಟಿವ್‌ನ ಕವರನ್ನು ಚೀಲಕ್ಕೆ ವಾಪಸು ಹಾಕಿಕೊಂಡೆ.

ಅಷ್ಟರಲ್ಲಿ ಕೆಳಗಿನ ಕೌಂಟರಿನ ಹುಡುಗಿ ಒಬ್ಬ ಹೆಂಗಸನ್ನು ಕರೆದುಕೊಂಡು ಬಂದಳು. ಮಳೆಯಲ್ಲಿ ತೊಯ್ದಿದ್ದರು. ಬಸ್ ಡ್ರೈವರರ ಹೆಂಡತಿ. ವಿದ್ಯಾರ್ಥಿ ಪತ್ರಿಕೆಯ ಕಚೇರಿಗೆ ಹೋಗಿದ್ದರಂತೆ, ಫೋಟೋ ಇಲ್ಲಿದೆ ಎಂದು ಟ್ರೇಸಿ ಹೇಳಿ ಕಳಿಸಿದ್ದಳು. “ನನ್ನ ಗಂಡನ ಹೆಸರು ಯಾವ ಪಟ್ಟಿಯಲ್ಲೂ ಇರ್ಲಿಲ್ಲ. ನಿಮ್ಮ ಫೋಟೋದಲ್ಲಿದೆ ಅಂದ್ರು. ಒಂದ್ಸಲ ನೋಡ್ಲಾ?”

ಕೆವ್ ಪಕ್ಕಕ್ಕೆ ಸರಿದ. ಆಕೆ ಬಗ್ಗಿ ನೋಡಿದರು. ಕೆಂಪು ಚೌಕವನ್ನು ದಾಟಿ, ಎರಡನೇ ಸಾಲು ದಾಟುತ್ತ, ತುದಿಯಲ್ಲಿ ಬೆರಳು ನಿಂತಿತು.

“ಟೋಪಿ ತೆಗ್ದಿದಾನೆ” ಎಂದರು. “ಮದುವೆ ಫೋಟೋಗೂ ತೆಗ್ದಿರ್ಲಿಲ್ಲ ಇವನು.”

ಆಕೆಯನ್ನು ಕೂರಿಸಿ ಟೀ ಕೊಟ್ಟರು. ಕೆವ್ ಮತ್ತೆ ಪ್ರಿಂಟಿನ ಮುಂದೆ ಬಂದ. ಆಮೇಲೆ ತನ್ನ ಕಂದು ಹೆಬ್ಬೆರಳಿನಿಂದ ಆ ಕೆಂಪು ಚೌಕವನ್ನು ಉಜ್ಜಿ ಉಜ್ಜಿ ಅಳಿಸಿದ. ಸಂಪಾದಕರ ಕೋಣೆಯ ಕಡೆ ತಿರುಗಿ ಕೂಗಿದ: “ಮೊದಲ ಪುಟ. ಎಂಟು ಕಾಲಂ, ಅಡ್ಡಕ್ಕೆ ಪೂರ್ತಿ. ಕೆಳಗೆ ಮೂವತ್ತೆರಡು ಹೆಸರು. ಜಾಗ ಇಲ್ಲ ಅಂದವರು ನನ್ನ ಹತ್ರ ಬರ್ಲಿ.”

ಮಂಗಳವಾರ ಬೆಳಿಗ್ಗೆ ಪತ್ರಿಕೆ ಬಂತು. ಮಧ್ಯಾಹ್ನ ಎರಡಕ್ಕೆ ಸುದ್ದಿ ಬಂತು: ಡ್ರೈವರ್ ನೀರು ಏರುವುದನ್ನು ಕಂಡು ಬಸ್ಸನ್ನು ಹಳ್ಳಕ್ಕಿಳಿಸದೆ ಎತ್ತರದಲ್ಲೇ ನಿಲ್ಲಿಸಿದ್ದರು, ಎಲ್ಲರೂ ಒಂದು ಕೊಟ್ಟಿಗೆಯಲ್ಲಿ ಬಿಸ್ಕತ್ತು ತಿಂದುಕೊಂಡು ಎರಡು ದಿನ ಕಳೆದಿದ್ದರು. ಅವರನ್ನು ಹೊರಗೆ ಕರೆತಂದ ಪೊಲೀಸ್ ಅಧಿಕಾರಿ ಪತ್ರಿಕೆಯ ಪುಟ ಕೈಯಲ್ಲಿ ಹಿಡಿದು, ಎಡದಿಂದ ಬಲಕ್ಕೆ ಹೆಸರು ಕೂಗಿ ಎಣಿಸಿಕೊಂಡರಂತೆ. ಮೂವತ್ತೆರಡು ಕೈ ಎದ್ದವಂತೆ.

ಸಂಜೆ ಆಸ್ಪತ್ರೆಯಿಂದ ಬಂದ ಅಪ್ಪ ಪತ್ರಿಕೆಯನ್ನು ಊಟದ ಮೇಜಿನ ಮೇಲೆ ಹರಡಿದರು. ಜೇಬಿನ ಪೆನ್ನು ತೆಗೆದು, ಒಂದೊಂದು ಹೆಸರಿಗೂ ಚುಕ್ಕೆ ಇಡುತ್ತ ಹೋದರು.

“ಮೂವತ್ತೆರಡು ಸರಿಯಾಗಿದೆ. ಮೂವತ್ಮೂರನೇದು ಎಲ್ಲಿ?”

“ಯಾರದಪ್ಪ? ಬಸ್ಸಲ್ಲಿದ್ದದ್ದೇ ಮೂವತ್ತೆರಡು ಜನ.”

“ತೆಗೆದವಳದು.”

ಫೋಟೋದ ಕೆಳಗೆ ‘ವಿದ್ಯಾರ್ಥಿ ಪತ್ರಿಕೆಯ ಕೃಪೆ’ ಎಂದಷ್ಟೇ ಇತ್ತು. ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು, ಅಪ್ಪನೇ ಎತ್ತಿದರು. “ಯಾರೋ ಕೆವ್ ಅಂತೆ” ಎಂದು ನನ್ನ ಕೈಗೆ ಕೊಟ್ಟು, ಕೋಣೆ ಬಿಟ್ಟು ಹೋಗದೆ ಅಲ್ಲೇ ನಿಂತರು. ಕೆವ್ ಹೇಳಿದ್ದು ಎರಡೇ ಮಾತು: ಬರುವ ಸೋಮವಾರ, ಬೆಳಿಗ್ಗೆ ಏಳಕ್ಕೆ.

ಸೋಮವಾರ ಆರೂಮುಕ್ಕಾಲಿಗೆ ಹೋದೆ. ಗಡುವಿಗೆ ಇನ್ನೂ ಮೂವತ್ತೊಂದು ದಿನ ಇತ್ತು. ಕೆವ್ ಒಂದು ಫಾರಂ ಮುಂದೆ ತಳ್ಳಿದ.

“ಫೋಟೋ ಕೆಳಗೆ ಹೆಸರು ಏನಂತ ಹಾಕ್ಬೇಕು?”

“ಸುಕನ್ಯಾ ಸುಂದರರಾಜ್.”

ಪೆನ್ಸಿಲ್ ತುದಿಯಿಂದ ಅಕ್ಷರ ಎಣಿಸಿದ. “ಒಂದು ಕಾಲಮ್ಮಲ್ಲಿ ಹಿಡಿಯಲ್ಲ ಇದು. ಚಿಕ್ಕದು ಮಾಡು.”

“ಎರಡು ಸಾಲಲ್ಲಿ ಹಾಕಿ.”

ಅವನು ನನ್ನ ಮುಖ ನೋಡಿದ, ಫಾರಂ ನೋಡಿದ, ನಕ್ಕುಬಿಟ್ಟ. ಎರಡು ಸಾಲಿನಲ್ಲೇ ಬಂತು, ನಿವೃತ್ತಳಾಗುವವರೆಗೂ.